ತಮಟೆ ಬಡಿಯದ ಸಂಜೆ

ಕತ್ತಲಾಗುವುದರೊಳಗೆ ಕಲ್ಲುಗಣಿಗೆ ಹೋಗಿ, ಕಾಲು ಮುರಿದುಕೊಂಡು ಬಿದ್ದಿದ್ದ ಅಪರಿಚಿತನೊಬ್ಬನನ್ನು ಹೊತ್ತು ತರಬೇಕಿತ್ತು. ಹೊರಟವರು ಮೂರು ಜನ. ಕೈಯಲ್ಲಿದ್ದದ್ದು ಒಂದು ಹಗ್ಗ, ಎರಡು ಬಿದಿರು ಗಳ, ಒಂದು ಔಷಧಿ ಚೀಲ.

ಅದು 2005ರ ನವೆಂಬರ್. ಹಿಡಿದ ಮಳೆ ಬಿಟ್ಟಿರಲಿಲ್ಲ. ಡೆಂಕಣಿಕೋಟೆಯಾಚೆಯ ಬೇವಿನದೊಡ್ಡಿಗೆ ಬಸ್ಸು ಬಂದು ನಾಲ್ಕು ದಿನವಾಗಿತ್ತು. ಆವತ್ತು ಬೆಳಿಗ್ಗೆ ಒದ್ದೆಮುದ್ದೆಯಾದ ಒಬ್ಬ ಕೂಲಿಯಾಳು ಮುತ್ತರಾಯಪ್ಪನ ಜಗಲಿಯ ಮುಂದೆ ಬಂದು ಕುಸಿದ. ಒಡಿಶಾದವನು, ಅವನ ಮಾತು ಯಾರಿಗೂ ತಿಳಿಯದು. ತೋಳನ್ನು ಸೊಂಡಿಲಿನಂತೆ ಆಡಿಸಿದ, ಕಾಲು ಮುರಿದದ್ದನ್ನು ಕೈಸನ್ನೆಯಲ್ಲಿ ಹೇಳಿದ, ಕಾಡಿನತ್ತ ತೋರಿಸಿ ಅತ್ತ. ಮಳೆಗೆ ಗಣಿ ನಿಂತು ಮೇಸ್ತ್ರಿ ಓಡಿಹೋಗಿದ್ದ. ಕೂಲಿಯವರು ಅಲ್ಲೇ ಉಳಿದಿದ್ದಾರೆಂದು ಊರಿಗೆ ಗೊತ್ತೇ ಇರಲಿಲ್ಲ.

ಹಿಂದಿನ ರಾತ್ರಿ ತಮಟೆ ಬಡಿಸಿ, ಪಟಾಕಿ ಹಚ್ಚಿ ಏಳು ಆನೆಗಳನ್ನು ಆ ಕಡೆಗೆ ಅಟ್ಟಿದ್ದು ಮುತ್ತರಾಯಪ್ಪನೇ. ಆನೆ ಅಟ್ಟುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಅವನು ಹೆಸರುವಾಸಿ. ಮೂರು ಕಡೆ ಗದ್ದಲ ಎಬ್ಬಿಸಿ ಒಂದು ಕಡೆ ಬಿಡುವುದು ಇಲ್ಲಿಯ ಪದ್ಧತಿ. ಬಿಟ್ಟ ಕಡೆ ಯಾರಿದ್ದಾರೆ ಎಂದು ನೋಡುವುದು ಪದ್ಧತಿಯಲ್ಲಿಲ್ಲ.

"ಫೋನ್ ಮಾಡಿ ಯಾರನ್ನಾನ ಕರ್ಸಣ ಮಾವ," ಎಂದ ಅಂಬರೀಶ್. ಹೊಸೂರಿನ ಕಾರ್ಖಾನೆಯಲ್ಲಿರುವ ಸೋದರಳಿಯ, ಮಳೆಗೆ ಸಿಕ್ಕಿ ಊರಲ್ಲೇ ಉಳಿದಿದ್ದ.

"ಲೈನೇ ಸತ್ತೋಗೈತೆ ಕಣ್ಲಾ. ನಾವಟ್ಟಿದ ಆನೆ, ನಾವೇ ಹೋಗ್ಬೇಕು."

ಮೂರನೆಯವಳು ರಾಯಕೋಟೆಯಿಂದ ಬಂದು ಅವನಂತೆಯೇ ಮಳೆಗೆ ಸಿಕ್ಕಿಕೊಂಡಿದ್ದ ನರ್ಸ್ ಸೆಲ್ವಿ. ಬಾ ಎಂದು ಯಾರೂ ಕರೆದಿರಲಿಲ್ಲ, ಅವಳೇ ಚೀಲ ಹೆಗಲಿಗೇರಿಸಿ ಮುಂದೆ ನಡೆದಳು.

ಮುತ್ತರಾಯಪ್ಪನ ರಾಗಿ ಹೊಲ ಮುಗಿಯುವಲ್ಲೇ ಆನೆಸಂದು ಶುರುವಾಗುತ್ತದೆ. ಎರಡು ಕಡೆ ಕರಿ ಬಂಡೆ, ನಡುವೆ ಒಂದು ಆನೆ ನಡೆಯುವಷ್ಟು ದಾರಿ, ಅದೂ ಅರ್ಧ ಮೈಲಿ. ಗಣಿಗೆ ಹೋಗಲು ಇದೊಂದೇ ದಾರಿ, ಆನೆಗಳಿಗೂ ಇದೇ. ಆವತ್ತು ಬಂಡೆಯ ಮೈಯೆಲ್ಲ ನೀರಿಳಿಯುತ್ತಿತ್ತು. ಮಂಜು ತಲೆಯ ಮೇಲೇ ಕೂತಿತ್ತು, ಒಂದು ಹಕ್ಕಿಯೂ ಕೂಗಲಿಲ್ಲ. ಸಂದಿನ ಆಚೆ ತುದಿಯ ಬಿದಿರು ಮೆಳೆಯ ಹತ್ತಿರ ಬಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು.

"ಇಲ್ಲೇ ಅವೆ," ಎಂದು ಮುತ್ತರಾಯಪ್ಪ ಪಿಸುಗುಟ್ಟಿದ. ಉಸಿರು ಬಿಗಿಹಿಡಿದು ಮೂವರೂ ದಾಟಿದರು.

ಮುಂದೆ ಹಳ್ಳ. ಅಂಬರೀಶ್ ಹಗ್ಗ ಸೊಂಟಕ್ಕೆ ಬಿಗಿದು ಧುಮುಕಿದ. ಎರಡು ಸಲ ಮುಳುಗಿದ, ಮೂರನೇ ಸಲ ಆಚೆ ದಡದ ಬೇರಿಗೆ ಕೈ ಸಿಕ್ಕಿತು.

ಗಣಿಯಲ್ಲಿ ನೀಲಿ ಟಾರ್ಪಾಲು ನೆಲಕ್ಕಂಟಿತ್ತು. ಬಂಡೆಯ ಅಡಿಯಲ್ಲಿ ಗಂಡ, ಹೆಂಡತಿ, ಇನ್ನಿಬ್ಬರು. ಗಂಡನ ತೊಡೆ ಊದಿ ಕಪ್ಪಾಗಿತ್ತು. ಸೆಲ್ವಿ ಮುಟ್ಟಿ ನೋಡಿದಳು. "ಅಣ್ಣಾ, ಬೆಳಗ್ಗೆವರ್ಗೂ ಕಾಯಕ್ಕಾಗಲ್ಲ. ಕಾಲು ಹೋಗ್ಲಿ, ಉಯಿರು, ಜೀವಾನೇ ನಿಲ್ಲಲ್ಲ."

ಗಳಕ್ಕೆ ಟಾರ್ಪಾಲು ಕಟ್ಟಿ ಅವನನ್ನು ಮಲಗಿಸಿ, ಹಗ್ಗ ಹಿಡಿದು ಹಳ್ಳ ದಾಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೆಳೆಯಲ್ಲಿ ಬಿದಿರು ಲಟಲಟ ಮುರಿಯಿತು. ಆನೆಗಳು ಎದ್ದಿದ್ದವು. ಇನ್ನು ಅವು ಸಂದಿಗಿಳಿದು ಹೊಲಕ್ಕೆ ಹೋಗುತ್ತವೆ. ಹಿಂದೆಯೇ ಇವರು ನುಗ್ಗಬೇಕು. ಊರವರು ಅಷ್ಟರಲ್ಲಿ ತಮಟೆ ಬಡಿದರೆ ಏಳೂ ತಿರುಗಿ ಇದೇ ಸಂದಿನಲ್ಲಿ ಇವರ ಮೇಲೆ ಬರುತ್ತವೆ.

ಮುತ್ತರಾಯಪ್ಪ ತನ್ನ ಹೊಲದ ದಿಕ್ಕಿಗೆ ನೋಡಿದ. ನಾಡಿದ್ದು ಕೊಯ್ಯಬೇಕಾಗಿದ್ದ ಹೊಲ, ವರ್ಷದ ಊಟ ಅದು.

"ಅಂಬರೀಶಾ, ಬಂಡೆ ಹತ್ತಿ ಓಡ್ಲಾ. ಇವತ್ತು ಯಾರೂ ತಮಟೆ ಮುಟ್ಟಬಾರ್ದು. ನಮ್ಮೊಲಕ್ಕೆ ಬಿಟ್ಬುಡಿ ಅನ್ನು."

"ಮಾವ, ರಾಗಿ..."

"ಹೋಗ್ಲಾ!"

ಹೊರೆ ಹೊತ್ತು ಹತ್ತಲಾಗದ ಬಂಡೆಯನ್ನು ಅಂಬರೀಶ್ ಬರಿಗೈಯಲ್ಲಿ ಹತ್ತಿ ಮಂಜಿನಲ್ಲಿ ಮರೆಯಾದ.

ಆನೆಗಳು ಒಂದರ ಹಿಂದೊಂದು ಸಂದಿಗಿಳಿದವು. ಕೊನೆಯ ಒಂಟಿದಂತದ ಗಂಡಾನೆ ನಿಂತಿತು. ಸೊಂಡಿಲು ಇವರತ್ತ ತಿರುಗಿತು.

ಗಾಯಾಳು ನರಳಿದ. ಹೆಂಡತಿ ಅವನ ಬಾಯಿಗೆ ಅಂಗೈ ಒತ್ತಿದಳು.

ಯಾರೂ ಅಲುಗಲಿಲ್ಲ. ಆನೆ ಒಮ್ಮೆ ಬುಸುಗುಟ್ಟಿ ಒಳಗೆ ನಡೆಯಿತು.

ಅವು ಊರ ಕಡೆಯ ತುದಿ ಮುಟ್ಟುವಷ್ಟು ಹೊತ್ತು ಕಾದು, ಇವರು ಹೊರಟರು. ಕಾಲು ಜಾರುವ ಕೆಸರು, ಹೆಗಲು ಕೀಳುವ ಭಾರ. ಅರ್ಧ ದಾರಿಯಲ್ಲಿ ಊರ ಕಡೆಯಿಂದ ಢಂ ಎಂದಿತು.

ಒಂದೇ ಏಟು.

ಮುತ್ತರಾಯಪ್ಪ ಬಂಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದ. ಎರಡನೇ ಏಟು ಬೀಳಲಿಲ್ಲ.

ಸಂದಿನಿಂದ ಹೊರಬಂದಾಗ ಸಂಜೆಯ ಮಬ್ಬಿನಲ್ಲಿ ಏಳು ಬೆನ್ನುಗಳು ಅವನ ಹೊಲದಲ್ಲಿ ಆಡುತ್ತಿದ್ದವು. ತೆನೆ ಕೀಳುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಅವನು ಅತ್ತ ನೋಡದೆ ಬದುವಿನ ಮರೆಯಲ್ಲಿ ಊರಿನತ್ತ ನಡೆದ.

ಅಂಬರೀಶ್ ಮಂಡಿ ಒಡೆದುಕೊಂಡು ಬರುವಷ್ಟರಲ್ಲಿ ತಮಟೆಯ ನರಸಿಂಹಪ್ಪ ಶುರುಮಾಡಿಬಿಟ್ಟಿದ್ದನಂತೆ. ಮುತ್ತರಾಯಪ್ಪನ ಹೆಂಡತಿ ಮಂಗಮ್ಮ ಅದನ್ನು ಕಿತ್ತುಕೊಂಡು ಅದರ ಮೇಲೇ ಕೂತುಬಿಟ್ಟಳಂತೆ.

ಗಾಯಾಳುವನ್ನೂ ಅವನ ಹೆಂಡತಿಯನ್ನೂ ಅದೇ ಸಂಜೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸೆಲ್ವಿ ಕೃಷ್ಣಗಿರಿಯ ಆಸ್ಪತ್ರೆಗೆ ಹೋದಳು. ಜೀವ ಉಳಿಯಿತು, ಕಾಲೂ ಉಳಿಯಿತು ಎಂಬ ಸುದ್ದಿ ಮೂರನೇ ದಿನ ಮೊದಲ ಬಸ್ಸಿನಲ್ಲಿ ಬಂತು.

ಮಂಗಮ್ಮ ಆಗ ಅಕ್ಕಪಕ್ಕದವರು ಕೊಟ್ಟ ಹಿಟ್ಟಿನಲ್ಲಿ ಮುದ್ದೆ ತೊಳಸುತ್ತಿದ್ದಳು. ಒಡಿಶಾದ ಮೂವರು ಸಾಲಾಗಿ ಕೂತು ಮುದ್ದೆಯನ್ನು ಕಷ್ಟಪಟ್ಟು ಅಗಿಯುತ್ತಿದ್ದರು. "ಅಗೀಬಾರ್ದು ಕಣ್ರಪ್ಪಾ, ನುಂಗ್ಬೇಕು," ಎಂದು ಅವಳು ಗಂಟಲು ಮುಟ್ಟಿ ತೋರಿಸಿದಳು.

ಮುತ್ತರಾಯಪ್ಪ ಹೊಲ ನೋಡಿ ಬಂದು ಹೊಸ್ತಿಲಲ್ಲಿ ನಿಂತ.

"ಏನಾನ ಬಿಟ್ಟವಾ?" ಎಂದಳು.

"ಬದಿನತ್ರ ನಾಕು ಸಾಲು."

"ಬಿತ್ತನೆಗಾಯ್ತು ಬಿಡು. ಬಾ, ಕೈ ತೊಳ್ಕೊ. ನಿನ್ನ ಬಿಟ್ಟು ಇವ್ರು ಎರಡನೇ ಮುದ್ದೆ ಮುಟ್ತಾ ಇಲ್ಲ."