ಪಾಸು ಅಂತ ಬರೀಬೇಡಿ

ಪುಷ್ಯ ಮಾಸದ ಬೆಳಗು, ಬಿಸಿಲು ಇನ್ನೂ ಜಗಲಿ ಹತ್ತಿರಲಿಲ್ಲ. ಇಸವಿ ಎರಡು ಸಾವಿರ ಹುಟ್ಟಿ ಎರಡು ವಾರವಾಗಿತ್ತು ಅಷ್ಟೆ. ಕೊತ್ತಗೆರೆಯ ಮನೆಯೊಳಗೆ ಮಂಗಳಗೌರಿ ಅವರೆಕಾಳು ಹಿತುಕುತ್ತ ಕೂತಿದ್ದಳು.

ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಬಂದ. ಹೆಸರು ನಾಗಭೂಷಣ, ಊರು ಗುಬ್ಬಿ, ಸರ್ಕಾರದ ಸರ್ವೆಯವನು ಎಂದ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಏನು ಕೆಲಸ ಮಾಡುತ್ತಾರೆ, ಎಷ್ಟು ಓದಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ಅವನ ಕೆಲಸ.

ತಾಯಿ ದೊಡ್ಡಗಂಗಮ್ಮ ನಂಬಲಿಲ್ಲ. ಊರ್ಡಿಗೆರೆಯ ಗಂಡಿನ ಕಡೆಯವರು ಮಗಳನ್ನು ವಿಚಾರಿಸಲು ಯಾರನ್ನಾದರೂ ಕಳಿಸಿಯೇ ಕಳಿಸುತ್ತಾರೆ ಎಂದು ಅವಳು ಕಾಯುತ್ತಿದ್ದಳು. ಹುಡುಗಿಯ ವಯಸ್ಸು, ಓದು ಕೇಳುವವನು ಇನ್ಯಾರು? ಆ ಸಂಬಂಧ ತಂದ ನರಸಿಂಹಮ್ಮ ಪಕ್ಕದಲ್ಲೇ ಎಲೆಅಡಿಕೆ ಮೆಲ್ಲುತ್ತಿದ್ದಳು.

“ನಮ್ ಮಗ್ಳು ಎಸ್ಸೆಸ್ಸೆಲ್ಸಿ ಪಾಸು ಕಣಪ್ಪ,” ಎಂದಳು ದೊಡ್ಡಗಂಗಮ್ಮ. “ಚೆನ್ನಾಗ್ ಬರ್ಕೊ.”

“ಇದ್ನೆಲ್ಲ ಯಾರಿಗ್ ಹೇಳ್ತೀಯಪ್ಪ?” ನರಸಿಂಹಮ್ಮ ಕಣ್ಣು ಮಿಟುಕಿಸಿದಳು.

“ದೆಹಲಿಗೆ ಹೋಗುತ್ತಮ್ಮ. ಎಲ್ಲಾರ ಮನೆಗೂ ಹೋಗೋಕಾಗಲ್ವಲ್ಲ. ಚೀಟಿ ಎತ್ತಿದ ಹಾಗೆ ಅಲ್ಲೊಂದೂರು ಇಲ್ಲೊಂದೂರು, ಊರಲ್ಲಿ ಕೆಲವು ಮನೆ ಆರಿಸ್ತಾರೆ. ನಿಮ್ಮ ಮಗಳು ಅಂದ್ರೆ ಒಬ್ಬಳಲ್ಲ. ಅಂಥಾ ಸಾವಿರಾರು ಹುಡ್ಗೀರ ಬದಲಿಗೆ ಅವರು.”

ಒಳಗೆ ಮಂಗಳಗೌರಿಯ ಕೈ ನಿಂತಿತು. ಕಾಣದ ಊರುಗಳ ಹುಡುಗಿಯರು ತನ್ನ ಹಿಂದೆ ಸಾಲುಗಟ್ಟಿ ನಿಂತಂತೆ, ಅವರ ಉಸಿರು ಕುತ್ತಿಗೆಗೆ ತಾಕಿದಂತಾಯಿತು. ಫೇಲಾಗಿ ಮುಖ ಮುಚ್ಚಿಕೊಂಡು ಮನೆಗೆ ಬಂದವರು ಅಷ್ಟು ಜನ. ಅವರನ್ನೆಲ್ಲ ಅವ್ವ ಒಂದೇ ಮಾತಿನಲ್ಲಿ ಪಾಸು ಮಾಡಿಬಿಟ್ಟಳಲ್ಲ. ಇನ್ನು ಅವರ ಕಷ್ಟ ಯಾರಿಗೆ ಕಾಣಬೇಕು?

ಎದ್ದು ಬಾಗಿಲಿಗೆ ಬಂದಳು. “ಪಾಸು ಅಂತ ಬರೀಬೇಡಿ. ಲೆಕ್ಕದಲ್ಲಿ ಹೋಗೈತೆ.”

“ಸುಮ್ಕಿರೇ,” ತಾಯಿ ಗದರಿದಳು.

“ಹಾಗಾದ್ರೆ ಏಳನೇ ಕ್ಲಾಸು ಅಂತ ಬರೀಬೇಕಾಗುತ್ತೆ. ನಮ್ಮ ಫಾರಮ್ಮಲ್ಲಿ ಏಳನೇದು ಬಿಟ್ರೆ ಎಸ್ಸೆಸ್ಸೆಲ್ಸಿ, ಪಾಸಾದ ಮೆಟ್ಟಿಲಷ್ಟೇ ಹಿಡಿಯೋದು.”

“ಮೂರು ವರ್ಷ ಕುಣಿಗಲ್ ಹೈಸ್ಕೂಲಿಗೆ ಓಡಾಡಿದ್ದು?”

“ಅದಕ್ಕೆ ಜಾಗ ಇಲ್ಲ,” ಎಂದವನ ಮುಖವೇ ಬಾಡಿತು.

“ಇರ್ಲಿ ಬುಡಿ. ಇರೋದ್ ಬರೀರಿ.”

ಅವನು ಬರೆಯುವುದನ್ನೇ ಮರೆತು ನೋಡುತ್ತಿದ್ದ. ದೇವರ ಮುಂದೆ ನಿಂತವರು ನೋಡುತ್ತಾರಲ್ಲ, ಹಾಗೆ. ಅವಳೇ ಕಣ್ಣು ತಗ್ಗಿಸಿದಳು.

ನರಸಿಂಹಮ್ಮನ ಬಾಯಿಂದ ಸುದ್ದಿ ಊರ್ಡಿಗೆರೆ ಮುಟ್ಟಿತು, ಸಂಬಂಧ ಮುರಿಯಿತು. ದೊಡ್ಡಗಂಗಮ್ಮ ಮಗಳ ಜೊತೆ ಮಾತು ಬಿಟ್ಟಳು. ಮಂಗಳಗೌರಿಗೆ ಮಾತ್ರ ದಾರಿಯಲ್ಲಿ ಸಿಕ್ಕ ಪ್ರತಿ ಹುಡುಗಿಯೂ ‘ಇವಳೂ ನನ್ನವಳೇನೋ’ ಅನ್ನಿಸುತ್ತಿತ್ತು.

ಯುಗಾದಿ ಕಳೆದ ಮೇಲೆ ನಾಗಭೂಷಣ ಮತ್ತೆ ಬಂದ. “ಕೆಲವು ಮನೆಗೆ ಎರಡನೇ ಸಲ ಹೋಗ್ಬೇಕು ಅಂತ ರೂಲ್ ಇದೆ.”

“ಪೌಡ್ರು ಹಾಕ್ಕೊಂಡ್ ಹೋಗಿ ಅಂತಾನೂ ರೂಲ್ ಐತಾ?”

ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ. ಸಂಬಂಧ ಮುರಿದದ್ದನ್ನು ಊರಲ್ಲಿ ಕೇಳಿಕೊಂಡೇ ಬಂದಿದ್ದ. “ನನ್ನಿಂದ ಹೀಗಾಯ್ತು,” ಎಂದ.

“ನಿಮ್ಮಿಂದ ಯಾಕೆ? ಸುಳ್ಳು ಹೇಳಿ ಸೇರಿದ್ ಮನೇಲಿ ದಿನಾ ಹೆದರ್ಕೊಂಡ್ ಬಾಳ್ಬೇಕಿತ್ತು.”

“ಎಷ್ಟೋ ಜಗಲಿ ಮೇಲೆ ಕೂತಿದೀನಿ. ಎಲ್ರೂ ಒಂದ್ ಮೆಟ್ಟಿಲು ಹತ್ತಿ ಹೇಳೋರೇ. ಇಳಿದು ನಿಂತೋರು ನೀವೊಬ್ರೇ.” ಅವನ ದನಿ ತಗ್ಗಿತು. “ಆವತ್ತಿಂದ ಯಾರ ಓದು ಕೇಳಿದ್ರೂ ನೀವೇ ಬಾಗಿಲಿಗೆ ಬಂದ ಹಾಗಾಗುತ್ತೆ. ನನ್ನ ಮದುವೆ ಆಗ್ತೀರಾ?”

“ಲೆಕ್ಕ ಬರದೋಳು ನಾನು.”

“ನಂಗೆ ಬರೋದು ಅದೊಂದೇ.”

ಅವಳು ಒಳಗೆ ಹೋಗದೆ ಜಗಲಿಯಲ್ಲೇ ನಿಂತಳು. ಬಾಗಿಲ ಹಿಂದಿನಿಂದ ದೊಡ್ಡಗಂಗಮ್ಮ ಕೊನೆಗೂ ಮಗಳನ್ನು ಮಾತಾಡಿಸಿದಳು: “ಈ ಸಲನಾದ್ರೂ ಇವ್ನು ಗಂಡಿನ ಕಡೆಯವ್ನು ಹೌದೋ ಅಲ್ವೋ ಕೇಳೇ.”

“ಹೌದು ಕಣವ್ವ,” ಎಂದಳು ಮಂಗಳಗೌರಿ.

ವೈಶಾಖದಲ್ಲಿ ಮದುವೆಯಾಯಿತು. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸಬಾರದು ಎಂದು ತಾಯಿ ಒಂದು ದಿನ ಉಳಿಸಿಕೊಂಡಳು. ಅಷ್ಟು ತಿಂಗಳು ನುಂಗಿಕೊಂಡ ಮಾತನ್ನೆಲ್ಲ ಅವತ್ತು ಮಗಳ ತಲೆ ಬಾಚುತ್ತ ಆಡಿ ಮುಗಿಸಿದಳು. ಮಂಗಳಗೌರಿ ಗಂಡನ ಜೊತೆ ಗುಬ್ಬಿಗೆ ಹೊರಟದ್ದು ಬುಧವಾರ.