ನೀಲಿ ಉಗುರು, ಬಿಳಿ ಚುಕ್ಕೆ

"ಇಷ್ಟೊಂದು ಬೆಳೆದಿದೆ. ಒಳ್ಳೇದೇ ಅಲ್ವಾ ಮೇಡಂ?"

ಬಣ್ಣದ ಕಾರ್ಖಾನೆಯವನು ಮುಚ್ಚಳಕ್ಕೆ ಟೇಪು ಸುತ್ತಿದ ತಟ್ಟೆಯನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದಿದ್ದ. ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಬಿಳಿ ಚುಕ್ಕೆಗಳು. ಅವನ ಉಗುರುಗಳಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ.

ಅವಳು ಆ ಲ್ಯಾಬಿನಲ್ಲಿ ಬಣ್ಣಗಳ ವಿಷ ಪರೀಕ್ಷಿಸುವವಳು. ಬೆಳಗಿನಿಂದ ಆ ಚುಕ್ಕೆಗಳನ್ನು ಮೂರು ಸಲ ಎಣಿಸಿದ್ದಳು, ಕಡಿಮೆಯಾದಾವೇನೋ ಎಂದು.

ಎಂಟು ತಿಂಗಳ ಹಿಂದೆ ಅವನು ಬಣ್ಣದ ಮೊದಲ ಬಾಟಲಿ ತಂದಾಗ ಲ್ಯಾಬಿನಲ್ಲಿದ್ದದ್ದು ಸಾದಾ ಬ್ಯಾಕ್ಟೀರಿಯಾ. ಬಣ್ಣ ಹಾಕಿದರೂ ಹೆಚ್ಚೇನೂ ಬೆಳೆದಿರಲಿಲ್ಲ. "ಭಯ ಇಲ್ಲ" ಎಂದಿದ್ದಳು. ಅವನು ನಕ್ಕಿದ್ದ. ಅವನ ಅಣ್ಣ ತನ್ನ ಊರಿನಲ್ಲಿ ನೋಡಿಟ್ಟಿದ್ದ ಕೆಲಸವನ್ನು ಅವನು ಮರುದಿನವೇ ಬೇಡವೆಂದಿದ್ದ. ಆಮೇಲೆ ಪ್ರತಿ ಗುರುವಾರ ಬಂದ, ಕಾರ್ಖಾನೆ ಪರೀಕ್ಷೆಗೆ ಕಳಿಸದ ಬಣ್ಣಗಳನ್ನೂ ಹಿಡಿದುಕೊಂಡು.

"ಈ ಕೆಂಪು ಯಾರು ಕಳಿಸಿದ್ದು?" ಎಂದು ಒಮ್ಮೆ ಕೇಳಿದ್ದಳು.

"ಯಾರೂ ಇಲ್ಲ. ಮೇಡಂ ಕೆನ್ನೆಗೂ ಇದಕ್ಕೂ ಹೊಂದುತ್ತಾ ಅಂತ ನೋಡೋಕೆ."

ಈಗ ಅವಳು ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಈ ಸಲದ್ದು ಬೇರೆ ಬ್ಯಾಕ್ಟೀರಿಯಾ. ಇದಕ್ಕೆ ಮನುಷ್ಯರ ಲಿವರ್ ಎಂಜೈಮಿನ ಜೀನ್ ಸೇರಿಸಿದೀನಿ. ಬಣ್ಣ ನಮ್ಮೊಳಗೆ ಹೋದ್ರೆ ಹೇಗೆ ಬದಲಾಗುತ್ತೋ, ಇದರೊಳಗೂ ಹಾಗೇ."

"ಅಂದ್ರೆ ಇಷ್ಟು ದಿನ ನನ್ನ ಲಿವರ್ ಸಾಕ್ತಾ ಇದ್ರಾ? ಒಂದು ಮಾತು ಕೇಳಬಾರದಿತ್ತಾ."

ಅವಳಿಗೆ ನಗು ಬರಲಿಲ್ಲ.

"ಇದು ತಾನಾಗಿ ಬೆಳೆಯೋದಲ್ಲ. ಜೀನಿಗೆ ಏಟು ಬಿದ್ರೆ ಮಾತ್ರ ಬೆಳೆಯುತ್ತೆ. ಎಲ್ಲೋ ನಾಲ್ಕು ಚುಕ್ಕೆ ಇದ್ರೆ ಸರಿ. ಇಷ್ಟೊಂದು ಅಂದ್ರೆ ಬಣ್ಣ ಜೀನನ್ನ ಕೆಡಿಸ್ತಿದೆ, ಮನುಷ್ಯರಿಗಾದ್ರೆ ಕ್ಯಾನ್ಸರ್ ಬರಬಹುದು. ನೀವು ಆ ಕಾರ್ಖಾನೆಯಲ್ಲಿ ಇರಬೇಡಿ. ಅಣ್ಣನಿಗೆ ಫೋನ್ ಮಾಡಿ."

ಅವನು ತನ್ನ ಉಗುರುಗಳನ್ನು ನೋಡಿಕೊಂಡ. "ಅವತ್ತು ಭಯ ಇಲ್ಲ ಅಂದ್ರಿ."

"ಅದು ಲಿವರ್ ಜೀನ್ ಇಲ್ಲದ ಅರ್ಧ ಪರೀಕ್ಷೆ. ಗೊತ್ತಿತ್ತು ನನಗೆ." ಅವಳ ದನಿ ಕೆಳಗಿಳಿಯಿತು. "ಅರ್ಧ ಅಂತ ಹೇಳಿದ್ರೆ ನೀವು ಅಣ್ಣನ ಊರಿಗೆ ಹೊರಟುಬಿಡ್ತೀರಿ ಅನ್ನಿಸ್ತು."

ಹೊರಗಿನ ಕಾರಿಡಾರಿನಲ್ಲಿ ಯಾರದೋ ಚಪ್ಪಲಿ ಸದ್ದು ಬಂದು ಹೋಯಿತು.

"ನಾನು ಆ ಕೆಲಸ ಬಿಟ್ಟಿದ್ದು ನಿಮ್ಮ ಪರೀಕ್ಷೆ ನಂಬಿ ಅಂದ್ಕೊಂಡ್ರಾ?" ಎಂದ ಅವನು. "ಅಣ್ಣನ ಊರಲ್ಲಿ ಗುರುವಾರ ಇರಲಿಲ್ಲ, ಅಷ್ಟೇ."

ಅವಳು ಕೈಗವಸು ಕಳಚಿ ಅವನ ಕೈ ಹಿಡಿಯಹೋದಳು.

"ಬೇಡ, ಬಣ್ಣ ಇದೆ," ಎಂದು ಅವನು ಹಿಂದೆಗೆದ. ಅವಳು ಬಿಡಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಮುಟ್ಟಿದ್ದು. ಕೈ ತಣ್ಣಗಿತ್ತು, ಒರಟಾಗಿತ್ತು.

"ಈ ನೀಲಿ ಹೋಗೋಕೆ ಎಷ್ಟು ದಿನ ಬೇಕು?" ಎಂದು ಅವನು ಕೇಳಿದ.

"ಹೊಸ ಉಗುರು ಬರಬೇಕು. ಆರು ತಿಂಗಳು."

"ಪೂರ್ತಿ ಹೋದ್ಮೇಲೆ ಬರ್ತೀನಿ. ತೋರಿಸೋಕೆ."

ಅವನು ಖಾಲಿ ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟು ಹೋದ. ಮೈಯೊಳಗೆ ಸೇರಿದ ಬಣ್ಣ ಹೋಗಲು ಎಷ್ಟು ದಿನವೆಂದು ಅವನು ಕೇಳಲಿಲ್ಲ. ಕೇಳಿದ್ದರೂ ಅದಕ್ಕೆ ಅವಳ ಬಳಿ ಪರೀಕ್ಷೆ ಇರಲಿಲ್ಲ.