ಸತ್ತವರು ಕೊಟ್ಟ ಒಪ್ಪಿಗೆ

"ನನ್ನ ಗಂಡ ಹೋದ ತಿಂಗಳು ಇದಕ್ಕೆ ಸಹಿ ಹಾಕಿದಾರೆ," ಎನ್ನುತ್ತ ಮೇವಿಸ್ ಗಾರ್ಬಟ್ ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. "ಅವರು ಸತ್ತು ಮೂರು ವರ್ಷ ಆಯ್ತು."

ಡರ್ಬಿ ಪಟ್ಟಣದ ನಮ್ಮ ಕಚೇರಿಗೆ ಬರುವವರೆಲ್ಲ ಗೋಡೆಯ ಜಗಳ ಹೊತ್ತೇ ಬರುತ್ತಾರೆ. ಪಕ್ಕದ ಮನೆಯವರು ಹಿಂದುಗಡೆ ಕೋಣೆ ಬೆಳೆಸುತ್ತಾರೆ, ಇಬ್ಬರಿಗೂ ಸೇರಿದ ನಡುಗೋಡೆ ಬಿರುಕು ಬಿಡುತ್ತದೆ, ಆಮೇಲೆ ಮಿಸ್ ಆಗ್ನೆಸ್ ಥರ್ಲೋ ಬೇಕಾಗುತ್ತಾರೆ. ಅವರು ನಡುಗೋಡೆಯ ಸರ್ವೇಯರ್, ಗೋಡೆ ಅಳೆದು ಎರಡೂ ಮನೆಗೆ ತೀರ್ಪುಪತ್ರ ಬರೆದುಕೊಡುವವರು. ನಾನು, ಜೋನ್ ಕಿಲ್ಬಿ, ಅಳತೆ ಪಟ್ಟಿಯ ಇನ್ನೊಂದು ತುದಿ ಹಿಡಿಯುವವಳು, ಬಿರುಕುಗಳ ಫೋಟೋ ತೆಗೆಯುವವಳು, ಮೂರೂಕಾಲಿಗೆ ಮಕ್ಕಳನ್ನು ಶಾಲೆಯಿಂದ ಕರೆತರಲು ಓಡುವವಳು. ಹನ್ನೊಂದು ವರ್ಷದಲ್ಲಿ ಸತ್ತವರ ಸಹಿ ಹಿಡಿದು ಬಂದವರು ಇವರೊಬ್ಬರೇ.

ಮಿಸ್ ಥರ್ಲೋ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಡುಗೋಡೆ ಮುಟ್ಟೋಕೆ ಮುಂಚೆ ಪಕ್ಕದ ಮನೆಯವರು ಕೊಡಬೇಕಾದ ಕಟ್ಟಡದ ನೋಟಿಸಿಗೆ ಒಪ್ಪಿಗೆ ಪತ್ರ. ಸಹಿ ನಿಮ್ಮ ಯಜಮಾನರದ್ದೇನಾ?"

"ನಲವತ್ತು ವರ್ಷ ರೈಲ್ವೆಯಲ್ಲಿ ಗುಮಾಸ್ತರಾಗಿದ್ರು. ಆ ಸಹಿ ನಂಗೊತ್ತಿಲ್ವಾ, ಬಾತುಮರಿ?" ನಮ್ಮೂರಿನಲ್ಲಿ ಎಪ್ಪತ್ತೊಂಬತ್ತರ ಅಜ್ಜಿ ಅರವತ್ತರ ಸರ್ವೇಯರನ್ನೂ ಬಾತುಮರಿ ಅಂತಲೇ ಕರೆಯುತ್ತಾಳೆ. "ಏಳು ತಿಂಗಳ ಹಿಂದೆ ಪಕ್ಕದ ಮನೆಗೆ ಬಂದ ಹುಡುಗ ಏಡ್ರಿಯನ್ ಪೆಂಬರ್ ಹತ್ರ ಕಟ್ಟಡದ ಧೂಳಿನ ವಿಷಯ ಕೇಳೋಣ ಅಂತ ಹೋದೆ. 'ನಿಮ್ಮ ಗಂಡ ಒಪ್ಪಿದಾರಲ್ಲ' ಅಂತ ಇದನ್ನ ಕೈಗೆ ಕೊಟ್ಟ. ನಮ್ಮ ಯಜಮಾನ್ರು ವಿಲ್ಫ್ ಮಹಡಿ ಮೇಲೆ ಮಲಗಿದಾರೆ ಅಂದ್ಕೊಂಡಿದ್ದ ಪಾಪ."

"ಏಳು ತಿಂಗಳು ಪಕ್ಕದಲ್ಲೇ ಇದ್ದೂ ಗೊತ್ತಾಗ್ಲಿಲ್ವಾ?" ಎಂದೆ.

"ಯಾರು ಬಾಗಿಲು ತಟ್ತಾರಮ್ಮ ಈ ಕಾಲದಲ್ಲಿ? ನೋಟಿಸನ್ನೂ ಅವರ ಮೇಸ್ತ್ರಿಯೇ ಹಾಕ್ತೀನಿ ಅಂದಿದ್ನಂತೆ. ನನ್ನ ಬಾಗಿಲಿಗಂತೂ ಏನೂ ಬರ್ಲಿಲ್ಲ." ಆಮೇಲೆ ಅವರ ದನಿ ಇಳಿಯಿತು. "ಸಹಿ ಒಂದೇ ಆಗಿದ್ರೆ ಮೋಸ ಅನ್ಬಹುದಿತ್ತು. ಆದ್ರೆ ವಿಲ್ಫ್ ಬಡೀತಾರೆ. ಫೆಬ್ರವರಿಯಿಂದ, ದಿನಾ ನಾಲ್ಕು ಗಂಟೆಗೆ, ಹಿಂದಿನ ಕೋಣೆಯ ಗೋಡೆಯಿಂದ ಮೂರು ಬಡಿತ. ಬದುಕಿದ್ದಾಗ ಚಹಾ ಬೇಕಾದ್ರೆ ಕೋಲಿಂದ ಚಿಮಣಿಗೆ ಹಾಗೇ ಬಡೀತಿದ್ರು. ಅವರೇ ಕೆತ್ತಿದ ಕೋಲು. ಹೂಳುವಾಗ ಪೆಟ್ಟಿಗೆಯಲ್ಲಿ ಅವರ ಜೊತೆಗೇ ಇಟ್ಟು ಕಳಿಸಿದ್ವಿ."

"ಇದನ್ನ ಯಾರಿಗೆ ಹೇಳಿದ್ರಿ?"

"ಬಡಿತದ ವಿಷಯ ಅಕ್ಕನ ಮಗ ರಾಡ್ನಿಗೆ. ಅದೇ ತಪ್ಪಾಯ್ತು. ಶುಕ್ರವಾರ ಡಾಕ್ಟರನ್ನ ಕರೆಸ್ತಿದಾನೆ. ನನ್ನ ತಲೆ ಸರಿ ಇಲ್ಲ ಅಂತ ಅವರು ಬರೆದುಕೊಟ್ರೆ ನಾನು ವೃದ್ಧಾಶ್ರಮಕ್ಕೆ." ಅವರು ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಇವತ್ತು ಮಂಗಳವಾರ."

ಅವರು ಹೋದ ಮೇಲೆ ಮಿಸ್ ಥರ್ಲೋ ಕಾಗದವನ್ನು ನನ್ನ ಮುಂದೆ ಸರಿಸಿದರು. "ಏನು ಕಾಣ್ತಿದೆ?"

ಸಹಿ ಮಸಿ ಪೆನ್ನಿನದು, ಕಂದಿದ ನೀಲಿ. ಪಕ್ಕದಲ್ಲಿದ್ದ ಏಪ್ರಿಲ್ ತಿಂಗಳ ದಿನಾಂಕ ಬಾಲ್ ಪೆನ್ನಿನದು. ಕಟ್ಟಿಸುವವರ ಹೆಸರಿನ ಜಾಗದಲ್ಲಿ 'ಪಕ್ಕದ ಮನೆಯ ಮಾಲೀಕರು' ಎಂದಷ್ಟೇ ಇತ್ತು. ಹಾಳೆಯ ಹಿಂಬದಿಯಲ್ಲಿ ಹೊಸ ಕೋಣೆಯ ನಕ್ಷೆ ಇತ್ತು. ಎರಡು ಮನೆಗಳ ಹಿತ್ತಿಲ ನಡುವೆ ಒಂದು ಚೌಕ ಬರೆದು 'ಕಲ್ಲಿದ್ದಲು ಗೂಡು' ಎಂದು ಗುರುತಿಸಿದ್ದರು. ಹಾಳೆಯ ಕೆಳಗಿನ ಒಂದು ಮೂಲೆ ಕತ್ತರಿಯಿಂದ ಓರೆಯಾಗಿ ಕತ್ತರಿಸಿ ಹೋಗಿತ್ತು.

ಬುಧವಾರ ಬೆಳಿಗ್ಗೆ ಆ ಮನೆಗೆ ಹೋದೆವು. ಹಿತ್ತಿಲಲ್ಲಿ ಕಲ್ಲಿದ್ದಲು ಗೂಡು ಎಲ್ಲೂ ಇರಲಿಲ್ಲ. "ಅದನ್ನ ವಿಲ್ಫೇ ಕೆಡವಿದ್ರು, ಐದು ವರ್ಷದ ಹಿಂದೆ," ಎಂದು ಮೇವಿಸ್ ಅಲ್ಲಿ ಬೆಳೆದಿದ್ದ ಗಿಡ ತೋರಿಸಿದರು. ಹಿಂದಿನ ಕೋಣೆಯಲ್ಲಿ, ಗೋಡೆಯಿಂದ ಹೊರಚಾಚಿದ ಚಿಮಣಿಯ ಕಂಬದ ಪಕ್ಕ ಛಾವಣಿಯಿಂದ ಮೊಣಕಾಲಿನವರೆಗೆ ಒಂದು ಬಿರುಕು ಇಳಿದಿತ್ತು. ಅದರೊಳಗೆ ಧೂಳಿಲ್ಲ, ಹಳೆಯ ಬಣ್ಣವಿಲ್ಲ. ಹೊಸ ಗಾಯ.

"ಇಲ್ಲಿ ಕೈ ಇಡಿ," ಎಂದು ಮೇವಿಸ್ ನನ್ನ ಅಂಗೈಯನ್ನು ಗೋಡೆಗೆ ಒತ್ತಿದರು. "ಈಗ ತಣ್ಣಗಿದೆ ಅಲ್ವಾ? ನಾಲ್ಕು ಗಂಟೆಗೆ ಬಡಿತ ಆದ್ಮೇಲೆ ಈ ಜಾಗ ಬೆಚ್ಚಗಾಗತ್ತೆ. ಅವರ ಕೈ ಹಾಗೆ. ನಾನು ಸ್ವಲ್ಪ ಹೊತ್ತು ಹೀಗೇ ನಿಂತಿರ್ತೀನಿ."

ನನ್ನ ಬೆನ್ನ ಮೇಲೆ ಯಾರೋ ಉಸಿರು ಬಿಟ್ಟಂತಾಯಿತು. ಮಿಸ್ ಥರ್ಲೋ ಮಾತ್ರ ಆ ಜಾಗದ ಎತ್ತರ ಅಳೆದು ಬರೆದುಕೊಂಡರು.

ಅಷ್ಟರಲ್ಲಿ ತನ್ನ ಬೀಗದ ಕೈಯಿಂದಲೇ ಬಾಗಿಲು ತೆರೆದು ರಾಡ್ನಿ ಬಂದ. ಐವತ್ತರ ಆಸುಪಾಸಿನ, ಅಂಗಿಯ ಗುಂಡಿ ಬಿಗಿಯಾದ ಮನುಷ್ಯ.

"ಚಿಕ್ಕಮ್ಮ, ಈಗ ದೆವ್ವ ಹಿಡಿಯೋಕೆ ಸರ್ವೇಯರಾ? ಆ ಕಾಗದಕ್ಕೆ ನೀವೇ ಚಿಕ್ಕಪ್ಪನ ಹೆಸರು ಗೀಚಿ ಮರೆತಿದೀರಿ, ಅಷ್ಟೇ."

"ನೀವು ಇವರ ಮೇಜಿನ ಕಾಗದ ಪತ್ರ ನೋಡಿದೀರಾ?" ಎಂದರು ಮಿಸ್ ಥರ್ಲೋ.

"ನೋಡ್ಲೇಬೇಕಲ್ಲ. ನಾಳೆ ಇವರು ಗ್ಯಾಸ್ ಹಚ್ಚಿಟ್ಟು ಮರೆತ್ರೆ ಯಾರು ಹೊಣೆ?"

ನನಗಂತೂ ಕಳ್ಳ ಸಿಕ್ಕಿದ ಹಾಗಾಯಿತು. ಕೈಯಲ್ಲಿ ಬೀಗದ ಕೈ, ಕಣ್ಣು ಮನೆಯ ಮೇಲೆ.

ಪಕ್ಕದ ಮನೆಯಲ್ಲಿ ಏಡ್ರಿಯನ್ ನಮ್ಮನ್ನು ಒಳಗೆ ಕರೆದ. ತೆಳ್ಳನೆಯ ಹುಡುಗ, ಹೆಂಡತಿಗೆ ಜೂನ್‌ನಲ್ಲಿ ಹೆರಿಗೆ. "ಮಗು ಬರೋದ್ರೊಳಗೆ ಮುಗೀಬೇಕು ಅಂತ ಎಲ್ಲಾ ಮೇಸ್ತ್ರಿ ಕಾಟಲ್ ಅವರಿಗೇ ಬಿಟ್ಟುಬಿಟ್ಟೆ. ಕೆಲಸ ಶುರುವಾದ್ಮೇಲೆ ಹಿಂದಿನ ಕೋಣೆಗೆ ನಾವು ಕಾಲಿಟ್ಟೇ ಇಲ್ಲ. ಈ ಮನೆ ಖಾಲಿ ಇದ್ದಾಗ ಕೊಂಡದ್ದು. ಹಿಂದಿನ ಮಾಲೀಕ ಸ್ಟೋಕ್ಲಿ ತೀರಿಕೊಂಡಿದ್ರು. ಅವರದೊಂದು ಚೂರು ಕಾಗದವೂ ನನ್ನ ಹತ್ರ ಇಲ್ಲ."

ಮೇಸ್ತ್ರಿ ಡೆನ್ನಿಸ್ ಕಾಟಲ್ ತಲೆಬಾಗಿಲಷ್ಟು ಅಗಲದ, ನಗುಮೊಗದ ಮನುಷ್ಯ. "ಬನ್ನಿ ಬಾತುಮರಿಗಳಾ! ನಾನು ಈ ಬೀದಿಗೆ ಕಾಲಿಟ್ಟದ್ದೇ ಈ ಜನವರಿಯಲ್ಲಿ. ನೋಟಿಸು, ಒಪ್ಪಿಗೆ ಪತ್ರದ ಎರಡು ಪ್ರತಿ, ಎಲ್ಲಾ ಲಕೋಟೆಗೆ ತುಂಬಿ ಪಕ್ಕದ ಮನೆಗೆ ಹಾಕಿದೆ. ಸಹಿಯಾಗಿ ವಾಪಸ್ ಬಂತು."

ಅಲ್ಲಿನ ಹಿಂದಿನ ಕೋಣೆಯ ಗೋಡೆ ಹಲಗೆಯಂತೆ ಸಪಾಟಾಗಿತ್ತು. "ಈ ಕಡೆ ಚಿಮಣಿಯ ಕಂಬ ಎಲ್ಲಿ ಹೋಯ್ತು?" ಎಂದು ಮಿಸ್ ಥರ್ಲೋ ಕೇಳಿದರು.

"ಹಿಂದಿನವರೇ ತೆಗೆಸಿದಾರೆ. ನಾನು ಬರೋವಾಗ್ಲೇ ಹೀಗಿತ್ತು," ಎಂದ ಕಾಟಲ್.

ಅವರು ಬಗ್ಗಿ ಗಾರೆಯನ್ನು ಬೆರಳಿನಿಂದ ಮುಟ್ಟಿದರು. ಬುಡದಲ್ಲಿ ಅದಿನ್ನೂ ತೇವವಾಗಿ, ಕಡು ಗುಲಾಬಿ ಬಣ್ಣಕ್ಕಿತ್ತು.

"ಪಕ್ಕದ ಅಜ್ಜಿಗೆ ಬಡಿತ ಕೇಳಿಸತ್ತಂತೆ?" ಏಡ್ರಿಯನ್‌ಗೆ ನಾವು ಬಡಿತದ ವಿಷಯ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಕಾಟಲ್ ನಕ್ಕ. "ಮುದುಕ ಆ ಒಂಟಿಕಿವಿ ಮೊಲದ ಕೋಲು ಹಿಡ್ಕೊಂಡು ಗೋಡೆಯೊಳಗೆ ಓಡಾಡ್ತಿರ್ಬೇಕು ಬಿಡಿ."

ಮಿಸ್ ಥರ್ಲೋ ನಗಲಿಲ್ಲ. ಬೀದಿಗೆ ಬಂದ ಮೇಲೆ ತಲೆಯೆತ್ತಿ ಛಾವಣಿ ನೋಡಿದರು. ಎರಡೂ ಮನೆಗೆ ಸೇರಿದ ಚಿಮಣಿ ಅಲ್ಲಿ ಇಟ್ಟಿಗೆಯ ಹೊರೆ ಹೊತ್ತು ನಿಂತಿತ್ತು. "ಜೋನ್, ಅದರ ಅರ್ಧ ಭಾಗ ಈಗ ಯಾವುದರ ಮೇಲೆ ನಿಂತಿದೆ ಹೇಳು?" ಎಂದವರು ಉತ್ತರಕ್ಕೆ ಕಾಯದೆ ಮೇವಿಸ್ ಮನೆಗೆ ತಿರುಗಿದರು. "ವಿಲ್ಫ್ ಅವರ ಹಳೆಯ ಫೈಲುಗಳು ಬೇಕು. ರೈಲ್ವೆ ಗುಮಾಸ್ತ ಕಾಗದ ಬಿಸಾಡಿರಲ್ಲ."

ಗುರುವಾರ ಹನ್ನೊಂದು ಗಂಟೆಗೆ ಎಲ್ಲರೂ ಮೇವಿಸ್ ಅವರ ಹಿಂದಿನ ಕೋಣೆಯಲ್ಲಿ ಸೇರಿದೆವು. ಮೇವಿಸ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಕಾಟಲ್ ಬಾಗಿಲಿಗೆ ಒರಗಿದ್ದ. ರಾಡ್ನಿ ಗಡಿಯಾರ ನೋಡುತ್ತಿದ್ದ. ಏಡ್ರಿಯನ್ ಇನ್ನೂ ತನ್ನ ಮನೆಯಲ್ಲಿದ್ದ.

"ಮೊದಲು ಬಡಿತ," ಎಂದರು ಮಿಸ್ ಥರ್ಲೋ. "ಏಡ್ರಿಯನ್‌ಗೆ ಒಂದು ಕೆಲಸ ಹೇಳಿದೀನಿ. ಎಲ್ಲರೂ ಸುಮ್ಮನಿರಿ."

ಕೋಣೆ ಮಂಕಾಗಿತ್ತು. ನಿಮಿಷಗಳು ಕಳೆದವು. ನಮ್ಮೆಲ್ಲರ ಕಣ್ಣು ಆ ಬಿರುಕಿನ ಮೇಲೆ. ಆಗ ಗೋಡೆಯೊಳಗಿಂದ ಬಂತು: ಟಕ್. ಬಿಡುವು. ಟಕ್. ಇನ್ನೊಂದು ಬಿಡುವು. ಟಕ್.

ರಾಡ್ನಿ ಬಿಳಿಚಿಕೊಂಡ. "ದೇವರೇ... ನಂಗೂ ಕೇಳಿಸ್ತು."

"ನಾಲ್ಕು ಗಂಟೆ ಆಗಿಲ್ವಲ್ಲ," ಎಂದರು ಮೇವಿಸ್ ಮೆಲ್ಲಗೆ.

"ಇಲ್ಲ. ಏಡ್ರಿಯನ್ ಈಗಷ್ಟೇ ಮನೆ ಬಿಸಿ ಮಾಡೋ ಯಂತ್ರ ಹಚ್ಚಿದಾನೆ. ಮಾಮೂಲಿಯಾಗಿ ಅದು ತಾನಾಗೇ ನಾಲ್ಕಕ್ಕೆ ಹತ್ತತ್ತೆ. ಬಿಸಿನೀರಿನ ತಾಮ್ರದ ಕೊಳವೆಯನ್ನ ಈ ಗೋಡೆಯೊಳಗೆ ಬಿಗಿಯಾಗಿ ತುರುಕಿದಾರೆ, ಗೋಡೆಯ ನಡುಗೆರೆ ದಾಟಿ ನಿಮ್ಮ ಪಾಲಿನೊಳಕ್ಕೆ. ಬಿಸಿಯಾದಾಗ ಅದು ಉದ್ದವಾಗಿ ಇಟ್ಟಿಗೆಗೆ ತಿಕ್ಕಿ ಮೂರು ಸಲ ಜಗ್ಗತ್ತೆ. ಗೋಡೆ ಬೆಚ್ಚಗಾಗೋದೂ ಅದಕ್ಕೇ."

ಏಡ್ರಿಯನ್ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ.

"ಬಡಿತ ಶುರುವಾದದ್ದು ಫೆಬ್ರವರಿಯಲ್ಲಿ," ಮಿಸ್ ಥರ್ಲೋ ಮುಂದುವರಿಸಿದರು. "ಒಪ್ಪಿಗೆಯ ತಾರೀಕು ಏಪ್ರಿಲ್. ಅಂದ್ರೆ ಒಪ್ಪಿಗೆಗೆ ಎರಡು ತಿಂಗಳು ಮೊದಲೇ ಯಾರೋ ಆ ಕಡೆಯ ಚಿಮಣಿಯ ಕಂಬ ಕಡಿದು, ಅದೇ ಜಾಗದಲ್ಲಿ ಕೊಳವೆ ಹೂತು, ಗಾರೆ ಬಳಿದಿದಾರೆ. ಹಿಂದಿನವರು ಮಾಡಿಸಿದ್ರೆ ಗಾರೆ ಇಷ್ಟೊತ್ತಿಗೆ ಒಣಗಿ ಬಣ್ಣ ತಿಳಿಯಾಗಿರ್ತಿತ್ತು. ಮೇಲಿನ ಚಿಮಣಿಗೆ ಆಸರೆ ಕೊಟ್ಟಿಲ್ಲ, ಅದರ ಭಾರ ಈ ಬಿರುಕಿನಲ್ಲಿ ಇಳೀತಿದೆ. ಮಿಸೆಸ್ ಗಾರ್ಬಟ್ 'ಒಪ್ಪಲ್ಲ' ಅಂದಿದ್ರೆ, ಅಥವಾ ಸುಮ್ಮನಿದ್ದಿದ್ರೂ, ನನ್ನಂಥ ಸರ್ವೇಯರ್ ಬಂದು ಎರಡೂ ಮನೆಯ ಗೋಡೆ ತಟ್ಟಿ ನೋಡ್ತಿದ್ಲು. ಬರಬಾರದು ಅಂದ್ರೆ ಒಂದು ಸಹಿ ಬೇಕಿತ್ತು."

"ಹಾಗಾದ್ರೆ ಸಹಿ ಚಿಕ್ಕಮ್ಮನೇ..." ರಾಡ್ನಿ ಶುರು ಮಾಡಿದ.

"ಸಹಿ ನಿಮ್ಮ ಚಿಕ್ಕಪ್ಪಂದೇ. ಎಂಟು ವರ್ಷ ಹಳೆಯದು. ಆಗ ಸ್ಟೋಕ್ಲಿ ಇಂಥದೇ ಕೋಣೆ ಕಟ್ಟಿಸೋಕೆ ನೋಟಿಸ್ ಕೊಟ್ಟಿದ್ರು. ವಿಲ್ಫ್ ಒಪ್ಪಿದ್ರು. ಕಟ್ಟಡ ಏಳಲೇ ಇಲ್ಲ. ಒಂದು ವರ್ಷದೊಳಗೆ ಕೆಲಸ ಶುರುವಾಗದಿದ್ರೆ ನೋಟಿಸು ಸತ್ತ ಹಾಗೆ. ಅದಕ್ಕೇ ನಕ್ಷೆಯಲ್ಲಿ ಕಲ್ಲಿದ್ದಲು ಗೂಡು ಇನ್ನೂ ನಿಂತಿದೆ."

"ಹಳೆ ಕಾಗದ ಈ ಮನೆಯಲ್ಲೇ ಇತ್ತು ಅಂತಾಯ್ತು," ಎಂದ ಕಾಟಲ್. "ಬೀಗದ ಕೈ ಯಾರ ಹತ್ರ ಇದೆ ಕೇಳಿ."

"ಕೇಳ್ತೀನಿ, ಇರಿ." ಅವರು ಹಸಿರು ಫೈಲೊಂದನ್ನು ಬಿಚ್ಚಿದರು. "ಪ್ರತಿ ಎರಡು ಇರತ್ತೆ, ನೀವೇ ಹೇಳಿದ್ರಿ. ಒಂದು ಸಹಿ ಮಾಡಿ ವಾಪಸ್ ಕಳಿಸೋಕೆ, ಇನ್ನೊಂದು ಇಟ್ಟುಕೊಳ್ಳೋಕೆ. ವಿಲ್ಫ್ ಎರಡಕ್ಕೂ ಸಹಿ ಹಾಕಿ, ತಮ್ಮದನ್ನ ತೂತು ಹೊಡೆದು ಈ ಫೈಲಿಗೆ ಸೇರಿಸಿದ್ರು. ಇಗೋ ಇಲ್ಲೇ ಇದೆ. ಹಾಗಾಗಿ ರಾಡ್ನಿ ಕದ್ದದ್ದಲ್ಲ. ಹೊರಗೆ ಬಂದದ್ದು ವಾಪಸ್ ಹೋದ ಪ್ರತಿ. ಅದು ಸ್ಟೋಕ್ಲಿಯ ಮೇಸ್ತ್ರಿಯ ಹತ್ರ ಉಳಿದಿತ್ತು."

ಅವರು ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರು. ಫೈಲಿನ ಪ್ರತಿಗೆ ನಾಲ್ಕೂ ಮೂಲೆ ಇದ್ದವು. ಇನ್ನೊಂದರಲ್ಲಿ ಕತ್ತರಿಸಿ ಹೋಗಿದ್ದ ಮೂಲೆ ಇದರಲ್ಲಿ ಉಳಿದಿತ್ತು: ಮುಂಬದಿಗೆ ವಿಲ್ಫ್ ಬರೆದ ಎಂಟು ವರ್ಷ ಹಿಂದಿನ ತಾರೀಕು. ಹಿಂಬದಿಗೆ, ನಕ್ಷೆಯ ಅಡಿಯಲ್ಲಿ, ಅದನ್ನು ಬರೆದವನ ಹೆಸರು: ಡಿ. ಕಾಟಲ್.

"ಒಂದೇ ಕತ್ತರಿ, ಎರಡು ಕೆಲಸ," ಎಂದರು ಮಿಸ್ ಥರ್ಲೋ. "ಆದ್ರೆ ಈ ಫೈಲು ನೋಡೋಕೆ ಮೊದಲೇ ನೀವು ಸಿಕ್ಕಿಬಿದ್ದಿದ್ರಿ. ಮಿಸೆಸ್ ಗಾರ್ಬಟ್, ನಿಮ್ಮ ಯಜಮಾನರ ಕೋಲಿನ ಹಿಡಿ ಹೇಗಿತ್ತು?"

"ಮೊಲದ ತಲೆ. ಒಂದು ಕಿವಿ ಕೆತ್ತೋವಾಗ್ಲೇ ಮುರೀತು. ಯಾಕೆ?"

"ಮೂರು ವರ್ಷದಿಂದ ಮಣ್ಣಲ್ಲಿರೋ ಕೋಲು. ಈ ಬೀದಿಗೆ ಜನವರಿಯಲ್ಲಿ ಬಂದವರಿಗೆ ಆ ಮುರಿದ ಕಿವಿ ಹೇಗೆ ಗೊತ್ತಾಯ್ತು, ಮಿಸ್ಟರ್ ಕಾಟಲ್?"

ಕಾಟಲ್ ಒರಗಿದ್ದ ಬಾಗಿಲು ಬಿಟ್ಟು ನೆಟ್ಟಗೆ ನಿಂತ. "ಎಂಟು ವರ್ಷದ ಹಿಂದೆ ಸಹಿಗೆ ಬಂದಾಗ ಮುದುಕ ಚಹಾ ಕೊಟ್ಟಿದ್ದ," ಎಂದ. "ನಂಗೆ ಅವನು ಸತ್ತಿದ್ದು ಗೊತ್ತಿರ್ಲಿಲ್ಲ. ಸತ್ಯವಾಗ್ಲೂ. ಬದುಕಿದಾನೆ ಅಂದ್ಕೊಂಡೇ ಆ ಕಾಗದ ಏಡ್ರಿಯನ್‌ಗೆ ಕೊಟ್ಟೆ."

"ಬಾಗಿಲು ತಟ್ಟಿ ಕೇಳಿದ್ರೆ ಗೊತ್ತಾಗ್ತಿತ್ತು," ಎಂದರು ಮೇವಿಸ್. ಏಡ್ರಿಯನ್ ತಲೆ ತಗ್ಗಿಸಿದ. ಆ ಮಾತು ಅವನಿಗೂ ತಾಗಿತ್ತು.

ಸಂಜೆಯೊಳಗೆ ಚಿಮಣಿಯ ಕೆಳಗೆ ಉಕ್ಕಿನ ಆಸರೆಗಳು ನಿಂತವು, ಕಾಟಲ್ ಕೆಲಸ ಬಿಟ್ಟು ಹೋದ. ಅವನ ಕಾಗದ ಪೊಲೀಸರಿಗೆ ಹೋಯಿತು. ರಾಡ್ನಿ ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಬರುವುದು ಬೇಡ ಎಂದ. "ಇಲ್ಲ ಸರ್... ಬಡಿತ ನಂಗೂ ಕೇಳಿಸ್ತು," ಎಂದು ಅವನು ತಡವರಿಸುವಾಗ ಮೇವಿಸ್ ಕಣ್ಣಲ್ಲಿ ಮೊದಲ ಸಲ ನಗು ಕಂಡೆ. ಹೋಗುವ ಮುನ್ನ ಅವನು ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ಆದರೆ ಎಲ್ಲರೂ ಹೋದ ಮೇಲೆ ಮೇವಿಸ್ ಗೋಡೆಯ ಆ ಜಾಗದ ಮೇಲೆ ಕೈಯಿಟ್ಟು ನಿಂತರು. "ಹಾಗಾದ್ರೆ ಅವರಲ್ಲ."

ಮಿಸ್ ಥರ್ಲೋ ಕನ್ನಡಕ ಒರೆಸಿದರು. ಎರಡೂ ಮನೆಯವರು ಅವರನ್ನೇ ಸರ್ವೇಯರ್ ಆಗಿ ಒಪ್ಪಿದ್ದರಿಂದ ತೀರ್ಪುಪತ್ರ ಅವರೇ ಬರೆಯಬೇಕಿತ್ತು. "ಕೊಳವೆ ನಿಮ್ಮ ಪಾಲಿನೊಳಗೆ ಬಂದಿದೆ. ಕಾನೂನಿನ ಪ್ರಕಾರ ತೆಗೆಸಬೇಕು. ಈ ಪಾಲಿನ ಮಾಲೀಕರಾದ ನೀವೇ ಅದು ಇರಲಿ ಅಂತ ಬರೆದುಕೊಟ್ರೆ ಬೇರೆ ಮಾತು."

ಮೇವಿಸ್ ಪೆನ್ನಿಗೆ ಕೈ ಚಾಚಿದರು. ಮನೆಯ ಕಾಗದಗಳನ್ನೆಲ್ಲ ವಿಲ್ಫ್ ನೋಡಿಕೊಳ್ಳುತ್ತಿದ್ದರಿಂದ, ಆ ಮನೆಯ ಬಗ್ಗೆ ಅವರು ಸ್ವಂತ ಹೆಸರಿನಲ್ಲಿ ಹಾಕಿದ ಮೊದಲ ಸಹಿ ಅದು. ತಾರೀಕನ್ನೂ ಅದೇ ಪೆನ್ನಿನಿಂದ ಬರೆದರು.

ಜೂನ್‌ನಲ್ಲಿ ಬಿರುಕು ಅಳೆಯಲು ನಾನೊಬ್ಬಳೇ ಹೋಗಿದ್ದೆ. ಆ ದಿನ ಮಕ್ಕಳನ್ನು ಅವರ ಅಪ್ಪ ಕರೆತರುವವನಿದ್ದ. ಬಿರುಕು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಗೋಡೆಯಾಚೆ ಹಸುಗೂಸೊಂದು ಅಳುತ್ತಿತ್ತು, ಬೇಸಿಗೆಯಾದರೂ ಮಗುವಿಗೆಂದು ಆ ಮನೆ ಬೆಚ್ಚಗಿತ್ತು. ಗಡಿಯಾರ ನಾಲ್ಕು ಹೊಡೆಯಿತು. ಸ್ವಲ್ಪ ಹೊತ್ತಿಗೆ ಟಕ್. ಟಕ್. ಟಕ್.

"ಬಂದೆ, ಬಂದೆ," ಎಂದು ಮೇವಿಸ್ ಗೋಡೆಗೆ ಹೇಳಿ ಎದ್ದರು. ನಾನು ನೋಡುತ್ತಿರುವುದು ಕಂಡು ತಿರುಗಿದರು. "ಕೊಳವೆ ಅಂತ ಗೊತ್ತು ಕಣಮ್ಮ. ಹಾಗಂತ ಕರೆದಾಗ ಓಗೊಡದೆ ಇರೋಕಾಗತ್ತಾ?"

ಅವರು ಚಹಾಕ್ಕೆ ನೀರಿಟ್ಟರು. ಮೂರು ಬಟ್ಟಲು ತೆಗೆದಿಟ್ಟದ್ದನ್ನು ನಾನು ವರದಿಯಲ್ಲಿ ಬರೆಯಲಿಲ್ಲ.